ಟಾರ್ಚ್ ಕಿವಿ ಪಕ್ಕ ಹಿಡಿಯಿರಿ: ಮನೆ ಸುತ್ತಲಿನ ಪ್ರಾಣಿಗಳ ಕಣ್ಣು ನೋಡುವ ಬಗೆ

ಎರಡು ವರ್ಷದ ಹಿಂದೆ ದೊಡ್ಡದೊಂದು ಟಾರ್ಚ್ ತಗೊಂಡೆ. ಬೆಳಕು ಅರ್ಧ ಕಿಲೋಮೀಟರ್ ಹೋಗುತ್ತೆ ಅಂತ ಅಂಗಡಿಯವನು ಹೇಳಿದ್ದ. ಸಾಗರದ ಹತ್ತಿರ ದೊಡ್ಡಪ್ಪನ ಮನೆಗೆ ಹೋದಾಗ ರಾತ್ರಿ ಅಂಗಳದಲ್ಲಿ ನಿಂತು, ಅದನ್ನು ಸೊಂಟದ ಹತ್ತಿರ ಹಿಡಿದು, ತೋಟದ ಕಡೆ ಬಿಟ್ಟೆ. ಅಡಿಕೆ ಮರ ಕಂಡಿತು, ಬಾಳೆ ಕಂಡಿತು, ಬೇಲಿ ಕಂಡಿತು. ಒಂದೇ ಒಂದು ಕಣ್ಣು ಹೊಳೆಯಲಿಲ್ಲ.

ದೊಡ್ಡಪ್ಪ ಜಗಲಿಯಲ್ಲಿ ಕವಳ ಹಾಕುತ್ತಾ ಕೂತಿದ್ದರು. "ಟಾರ್ಚ್ ಅಲ್ಲಿ ಹಿಡಿದ್ರೆ ಎಂತ ಕಾಣ್ತದೆ ಮಾರಾಯ? ಕಿವಿ ಹತ್ರ ಹಿಡಿ" ಅಂದರು.

ಹಿಡಿದೆ. ಬೇಲಿ ಬುಡದಲ್ಲಿ ಎರಡು ಹಸಿರು ಚುಕ್ಕಿ. ಕೊಟ್ಟಿಗೆಯ ಕಿಟಕಿಯೊಳಗೆ ಎರಡು ನೀಲಿ ದೀಪ. ಕಾಲ ಬುಡದ ಹುಲ್ಲಿನಲ್ಲಿ ಹತ್ತಾರು ಮಿಣುಕು. ಅಷ್ಟೂ ಮೊದಲೇ ಅಲ್ಲಿದ್ದವು. ಆ ಕಣ್ಣುಗಳು ಬೆಳಕನ್ನು ಬಂದ ದಾರಿಯಲ್ಲೇ ವಾಪಸ್ ಕಳಿಸುತ್ತವೆ. ಟಾರ್ಚ್ ಸೊಂಟದಲ್ಲಿದ್ದರೆ ಹೊಳಪೂ ಸೊಂಟಕ್ಕೇ ಬರುತ್ತದೆ. ನಮ್ಮ ಕಣ್ಣು ಇರೋದು ಮೇಲೆ, ಅಲ್ವಾ?

ಅವತ್ತಿನಿಂದ ಇದೊಂದು ಹುಚ್ಚು ಹಿಡಿದಿದೆ. ಯಾರು ಬೇಕಾದರೂ ಮನೆಯಲ್ಲೇ, ಹಿತ್ತಲಲ್ಲೇ ಮಾಡಿ ನೋಡಬಹುದು. ನಾನು ಮಾಡಿದ ಕ್ರಮದಲ್ಲೇ ಹೇಳುತ್ತೇನೆ. ಒಂದು ಹಗಲು, ಒಂದು ರಾತ್ರಿ ಸಾಕು. ಮೀನಿನ ಭಾಗಕ್ಕೆ ಮಾತ್ರ ಇನ್ನೊಂದು ಮಧ್ಯಾಹ್ನ ಬೇಕು.

ಏನೇನು ಬೇಕು

ಸಣ್ಣ ಟಾರ್ಚ್ ಒಂದು. ನನ್ನ ಹಾಗೆ ದೊಡ್ಡದಕ್ಕೆ ದುಡ್ಡು ಹಾಕಬೇಡಿ. ಜಾಸ್ತಿ ಬೆಳಕಾದರೆ ಪ್ರಾಣಿ ಮುಖ ತಿರುಗಿಸುತ್ತದೆ, ಎಲೆಗಳೆಲ್ಲ ಬೆಳ್ಳಗೆ ಹೊಳೆದು ಕಣ್ಣಿನ ಚುಕ್ಕಿ ಅದರಲ್ಲೇ ಮುಚ್ಚಿಹೋಗುತ್ತದೆ. ಹಣೆಗೆ ಕಟ್ಟುವ ಹೆಡ್‌ಲೈಟ್ ಇದ್ದರೆ ಇನ್ನೂ ಒಳ್ಳೇದು. ಅದರ ಜೊತೆ ಸ್ಟೇಷನರಿ ಅಂಗಡಿಯ ಕೆಂಪು ಜಿಲೇಟಿನ್ ಪೇಪರ್, ರಬ್ಬರ್ ಬ್ಯಾಂಡ್, ಸಣ್ಣ ಕನ್ನಡಿ, ಒಂದು ಪುಸ್ತಕ, ಪೆನ್ಸಿಲ್. ಮಳೆಗಾಲವಾದರೆ ಗಂಬೂಟು. ಮಳೆಗಾಲ ಅಲ್ಲದಿದ್ದರೂ ಗಂಬೂಟು, ಯಾಕೆ ಅಂತ ಆಮೇಲೆ ಹೇಳುತ್ತೇನೆ.

ಹೆಜ್ಜೆ 1: ಒಂದು ಕೋಣೆಯನ್ನೇ ಕಣ್ಣು ಮಾಡಿ

ಹಂಪಿಯ ವಿರೂಪಾಕ್ಷ ದೇವಸ್ಥಾನಕ್ಕೆ ಹೋದವರು ಇದನ್ನು ನೋಡಿರುತ್ತೀರಿ. ಹಿಂದುಗಡೆಯ ಕತ್ತಲೆ ಕೋಣೆಯ ಗೋಡೆಯಲ್ಲಿ ಸಣ್ಣ ಕಿಂಡಿ. ಅದರ ಮೂಲಕ ಬಂದ ಬೆಳಕು ಎದುರಿನ ಗೋಡೆಯ ಮೇಲೆ ರಾಜಗೋಪುರದ ನೆರಳನ್ನು ತಲೆಕೆಳಗಾಗಿ ಮೂಡಿಸುತ್ತದೆ. ಗೈಡ್‌ಗಳು ಪವಾಡ ಅನ್ನುವ ಹಾಗೆ ತೋರಿಸುತ್ತಾರೆ. ಕಣ್ಣು ಕೆಲಸ ಮಾಡುವ ಮೂಲ ಬಗೆಯೂ ಇಷ್ಟೇ.

ಮನೆಯಲ್ಲಿ ಹೀಗೆ ಮಾಡಿ. ಬಿಸಿಲು ಚೆನ್ನಾಗಿರುವ ಹೊತ್ತಿನಲ್ಲಿ ಒಂದು ಕೋಣೆಯ ಕಿಟಕಿಗೆ ರಟ್ಟು ಅಂಟಿಸಿ ಪೂರ್ತಿ ಕತ್ತಲೆ ಮಾಡಿ. ರಟ್ಟಿನಲ್ಲಿ ಕಡಲೆಕಾಳು ತೂರುವಷ್ಟು ತೂತು ಕೊರೆಯಿರಿ. ಎದುರು ಒಂದು ಬಿಳಿ ಹಾಳೆ ಹಿಡಿದು ನಿಲ್ಲಿ. ಹೊರಗಿನ ತೆಂಗಿನ ಮರ ತಲೆ ಕೆಳಗಾಗಿ ಹಾಳೆಯ ಮೇಲೆ ತೂಗುತ್ತದೆ. ಬಣ್ಣ ಸಮೇತ! ಮರದ ತುದಿಯಿಂದ ಬಂದ ಬೆಳಕು ತೂತಿನಲ್ಲಿ ನೇರ ತೂರಿ ಕೆಳಗೆ ಬೀಳುತ್ತದೆ, ಬುಡದಿಂದ ಬಂದದ್ದು ಮೇಲೆ. ಅದಕ್ಕೇ ಉಲ್ಟಾ.

ಈಗ ತೂತನ್ನು ರೂಪಾಯಿ ನಾಣ್ಯದಷ್ಟು ದೊಡ್ಡದು ಮಾಡಿ. ಚಿತ್ರ ಬೆಳಗುತ್ತದೆ, ಆದರೆ ಕಲಸಿ ಹೋಗುತ್ತದೆ. ಕಣ್ಣಿರುವ ಪ್ರತಿ ಪ್ರಾಣಿಗೂ ಇದೇ ತಲೆನೋವು. ತೂತು ಸಣ್ಣದಾದರೆ ಚಿತ್ರ ಸ್ಪಷ್ಟ, ಬೆಳಕು ಕಮ್ಮಿ. ದೊಡ್ಡದಾದರೆ ಬೆಳಕು ಜಾಸ್ತಿ, ಚಿತ್ರ ಮಸುಕು. ಸಮುದ್ರದ ನಾಟಿಲಸ್ ಎಂಬ ಚಿಪ್ಪಿನ ಪ್ರಾಣಿ ಇವತ್ತಿಗೂ ಬರೀ ತೂತಿನ ಕಣ್ಣಿನಲ್ಲೇ ಸಂಸಾರ ಮಾಡುತ್ತಿದೆ. ಉಳಿದ ಎಷ್ಟೋ ಪ್ರಾಣಿಗಳ ಕಣ್ಣಿನಲ್ಲಿ ತೂತಿಗೆ ಒಂದು ಲೆನ್ಸ್ ಬಂದು ಕೂತಿದೆ. ಅಜ್ಜನ ಹಳೇ ಭೂತಕನ್ನಡಿ ಇದ್ದರೆ ಆ ದೊಡ್ಡ ತೂತಿಗೆ ಹಿಡಿದು, ಹಾಳೆಯನ್ನು ಹಿಂದೆ ಮುಂದೆ ಮಾಡಿ. ಒಂದು ಜಾಗದಲ್ಲಿ ಚಿತ್ರ ಟಕ್ಕನೆ ಸ್ಪಷ್ಟವಾಗುತ್ತದೆ. ಫ್ರಾನ್ಸಿನ ಡೆಕಾರ್ಟ್ 1637ರಲ್ಲಿ ಬರೆದದ್ದು ಇದನ್ನೇ. ಸತ್ತ ಎತ್ತಿನ ಕಣ್ಣು ತಗೊಂಡು, ಹಿಂದಿನ ಪೊರೆ ಬಿಡಿಸಿ, ಕಿಟಕಿಯ ತೂತಿಗೆ ಇಟ್ಟು, ಒಳಗೆ ಮೂಡುವ ಚಿತ್ರ ನೋಡುವ ಬಗೆಯನ್ನು ವಿವರಿಸಿದ್ದ. ನಮಗೆ ಭೂತಕನ್ನಡಿ ಸಾಕು ಬಿಡಿ.

ಹೆಜ್ಜೆ 2: ಪಾಪೆಯ ಆಕಾರ ಬರೆದುಕೊಳ್ಳಿ

ಇದು ಹಗಲಿನ ಕೆಲಸ. ಪುಸ್ತಕದಲ್ಲಿ ಒಂದು ಪುಟ ತೆಗೆದಿಡಿ. ಮೊದಲು ಬೆಕ್ಕು.

ಮಧ್ಯಾಹ್ನ ಜಗಲಿ ಬಿಸಿಲಿನಲ್ಲಿ ಬಿದ್ದುಕೊಂಡಿರುವ ಬೆಕ್ಕಿನ ಎದುರು ಕೂತು ಕಣ್ಣು ನೋಡಿ. ಪಾಪೆ ಒಂದು ಗೆರೆ, ಅಷ್ಟೇ. ಮೆಲ್ಲಗೆ ಎತ್ತಿಕೊಂಡು ಒಳಗೆ ಅಡುಗೆಮನೆಯ ಮೂಲೆಗೆ ಹೋಗಿ ನಿಮಿಷ ಕಾಯಿರಿ. ಗೆರೆ ಅಗಲವಾಗಿ ಬಾದಾಮಿಯಾಗುತ್ತದೆ, ಆಮೇಲೆ ದುಂಡಗಿನ ಕಪ್ಪು ಬಟ್ಟಲಾಗುತ್ತದೆ. ನಿಮ್ಮ ಪಾಪೆಯನ್ನೂ ಕನ್ನಡಿಯಲ್ಲಿ ಹೀಗೇ ನೋಡಿಕೊಳ್ಳಿ. ನಮ್ಮದು ದುಂಡಗೇ ಇದ್ದು ದೊಡ್ಡದು ಚಿಕ್ಕದು ಆಗುತ್ತದೆ. ನಮ್ಮ ಪಾಪೆ ಪೂರ್ತಿ ಅರಳಿದಾಗ ಮುದುಡಿದ್ದಕ್ಕಿಂತ ಸುಮಾರು 15 ಪಟ್ಟು ವಿಸ್ತಾರ. ಬೆಕ್ಕಿನದು 135 ಪಟ್ಟು. ದುಂಡಗಿನ ತೂತನ್ನು ಅಷ್ಟು ಬಿಗಿಯಾಗಿ ಮುಚ್ಚಲು ಆಗುವುದಿಲ್ಲ. ಎರಡು ಬದಿಯ ಪರದೆ ಎಳೆದ ಹಾಗೆ ಮುಚ್ಚಿದರೆ ಆಗುತ್ತದೆ. ಹಗಲು ಬಿಸಿಲಲ್ಲಿ ಮಲಗಿ ರಾತ್ರಿ ಇಲಿ ಹಿಡಿಯುವ ಪ್ರಾಣಿಗೆ ಬೇಕಾದದ್ದು ಇದೇ.

ಈ ಲೆಕ್ಕ ಕ್ಯಾಲಿಫೋರ್ನಿಯಾದ ಬರ್ಕ್‌ಲಿಯ ಮಾರ್ಟಿನ್ ಬ್ಯಾಂಕ್ಸ್ ಮತ್ತು ಜೊತೆಗಾರರು 2015ರಲ್ಲಿ ಪ್ರಕಟಿಸಿದ ಅಧ್ಯಯನದ್ದು. 214 ಜಾತಿಯ ನೆಲದ ಪ್ರಾಣಿಗಳ ಪಾಪೆ ನೋಡಿದ್ದರು. ಅವರಿಗೆ ಕಂಡದ್ದು ಹೀಗೆ: ಹೊಂಚು ಹಾಕಿ ಹಿಡಿಯುವ ಪ್ರಾಣಿಗಳಲ್ಲಿ ಪಾಪೆ ನೆಟ್ಟಗಿನ ಸೀಳಾಗಿರುವುದು ಹೆಚ್ಚು. ಮೇಯುವ ಪ್ರಾಣಿಗಳಲ್ಲಿ ಅಡ್ಡ ಸೀಳು ಹೆಚ್ಚು.

ಅಡ್ಡ ಸೀಳು ನೋಡಲು ಆಡಿನ ಹತ್ತಿರ ಹೋಗಿ. ಹಸುವಿನದೂ ಅಡ್ಡವೇ, ಆದರೆ ಕಪ್ಪು ಕಣ್ಣಿನಲ್ಲಿ ಕಪ್ಪು ಪಾಪೆ ಹುಡುಕುವುದು ಕಷ್ಟ. ಆಡಿನ ಕಣ್ಣು ಜೇನಿನ ಬಣ್ಣ, ಅದರ ನಡುವೆ ಅಂಚೆಪೆಟ್ಟಿಗೆಯ ಬಾಯಿ ಥರ ಒಂದು ಕಪ್ಪು ಪಟ್ಟಿ. ಈಗ ಮುಖ್ಯವಾದದ್ದು. ಆಡು ತಲೆ ಎತ್ತಿ ನಿಂತಾಗ ಆ ಪಟ್ಟಿ ನೆಲಕ್ಕೆ ಸಮಾನಾಂತರ ಇರುತ್ತದೆ. ನೆಲದ ಮೇಲೆ ಒಂದು ಹಿಡಿ ಹಲಸಿನ ಸೊಪ್ಪು ಹಾಕಿ. ತಲೆ ಬಗ್ಗಿಸಿತು. ತಲೆ ಬಗ್ಗಿದಷ್ಟೇ ಪಟ್ಟಿಯೂ ಓರೆಯಾಗಬೇಕಿತ್ತಲ್ಲ? ಆಗಲಿಲ್ಲ. ಕಣ್ಣುಗುಡ್ಡೆಯೇ ಒಳಗೆ ತಿರುಗಿ, ಪಟ್ಟಿ ಮತ್ತೆ ನೆಲಕ್ಕೆ ಸಮಾನಾಂತರ ಬಂದು ನಿಂತಿತು. 50 ಡಿಗ್ರಿಗೂ ಜಾಸ್ತಿ ತಿರುಗುತ್ತದೆ. ನಾನು ಇದನ್ನು ನಂಬದೆ ನಾಲ್ಕು ಸಲ ಸೊಪ್ಪು ಹಾಕಿದೆ. ಆಡಿಗೆ ಲಾಭ, ನನಗೂ ಲಾಭ. ಮೇಯುವಾಗಲೂ ಅದಕ್ಕೆ ಸುತ್ತಲಿನ ಬಯಲು ಉದ್ದಕ್ಕೆ ಕಾಣುತ್ತಿರಬೇಕು, ಯಾವ ಕಡೆಯಿಂದ ನಾಯಿ ಬಂದರೂ ಗೊತ್ತಾಗಬೇಕು.

ಹಸು ಸಾಕಿದವರಿಗೆ ಇಲ್ಲಿ ಒಂದು ಮಾತು. ಅದರ ಕಣ್ಣು ತಲೆಯ ಎರಡು ಬದಿಗಿರುವುದರಿಂದ ಸುತ್ತಲಿನ 300 ಡಿಗ್ರಿಗೂ ಹೆಚ್ಚು ಭಾಗ ಅದಕ್ಕೆ ಕಾಣುತ್ತದೆ. ಕಾಣದಿರುವುದು ಬಾಲದ ನೇರ ಹಿಂದೆ. ಅಲ್ಲಿಂದ ಸದ್ದಿಲ್ಲದೆ ಹೋಗಿ ಮುಟ್ಟಿದರೆ ಒದೆ ತಿನ್ನುವುದು ನಿಮ್ಮ ತಪ್ಪು, ಹಸುವಿನದಲ್ಲ. ಬದಿಯಿಂದ ಮಾತಾಡುತ್ತಾ ಹೋಗಿ. ಎರಡು ಕಣ್ಣೂ ಒಟ್ಟಿಗೆ ನೋಡುವ ಜಾಗ ಮುಂದೆ ಸ್ವಲ್ಪವೇ ಇರುವುದರಿಂದ ಆಳದ ಅಂದಾಜು ಅದಕ್ಕೆ ತಟ್ಟನೆ ಸಿಗುವುದಿಲ್ಲ. ದಾರಿಗೆ ಅಡ್ಡ ಬಿದ್ದ ಪೈಪಿನ ನೆರಳು ಕಂಡರೂ ನಿಂತುಬಿಡುತ್ತದೆ. ಹೊಡೆಯಬೇಡಿ, ತಲೆ ತಗ್ಗಿಸಿ ಮೂಸಿ ನೋಡಲು ಬಿಡಿ.

ಸಂಜೆಯಾದ ಮೇಲೆ ಟ್ಯೂಬ್‌ಲೈಟ್ ಹತ್ತಿರದ ಹಲ್ಲಿಯನ್ನು ಮೊಬೈಲಿನಲ್ಲಿ ಜೂಮ್ ಮಾಡಿ ಫೋಟೋ ತೆಗೆಯಿರಿ. ಅದರದೂ ನೆಟ್ಟಗಿನ ಸೀಳು, ಆದರೆ ಅಂಚು ಅಲೆ ಅಲೆಯಾಗಿರುತ್ತದೆ. ರೆಪ್ಪೆ ಇಲ್ಲ, ಕಣ್ಣಿಗೆ ಧೂಳು ಬಿದ್ದರೆ ನಾಲಿಗೆಯಲ್ಲಿ ನೆಕ್ಕಿ ಒರೆಸಿಕೊಳ್ಳುತ್ತದೆ. ತಾಳ್ಮೆ ಇದ್ದರೆ ಅದನ್ನೂ ನೋಡಬಹುದು. ನನಗೆ ಮೂರು ಸಂಜೆ ಹಿಡಿಯಿತು.

ಹೆಜ್ಜೆ 3: ನಿಮ್ಮ ಕಣ್ಣನ್ನು ಕತ್ತಲೆಗೆ ಒಗ್ಗಿಸಿ

ಇದನ್ನು ಬಿಟ್ಟು ನೇರ ಹೊರಗೆ ಓಡುವವರೇ ಜಾಸ್ತಿ. ಹಾಗೆ ಮಾಡಬೇಡಿ. ದೀಪ ಆರಿಸಿ, ಅಂಗಳದಲ್ಲಿ ಕುರ್ಚಿ ಹಾಕಿ, 20ರಿಂದ 30 ನಿಮಿಷ ಸುಮ್ನೆ ಕೂತಿರಿ. ಮೊಬೈಲ್ ಒಳಗೇ ಇರಲಿ.

ನಮ್ಮ ಕಣ್ಣಿನ ಹಿಂಗೋಡೆಯಲ್ಲಿ, ಅಂದರೆ ಅಕ್ಷಿಪಟದಲ್ಲಿ, ಬೆಳಕು ಹಿಡಿಯುವ ಕೋಶಗಳು ಎರಡು ಬಗೆ. ಶಂಕುವಿನಾಕಾರದವು ಸುಮಾರು 60 ಲಕ್ಷ. ಹಗಲಿನ ಕೆಲಸ, ಬಣ್ಣದ ಕೆಲಸ ಅವುಗಳದ್ದು. ಕಡ್ಡಿಯಾಕಾರದವು ಸುಮಾರು 12 ಕೋಟಿ. ಅವು ಬಣ್ಣ ಹೇಳಲಾರವು, ಆದರೆ ಮಬ್ಬು ಬೆಳಕಿನಲ್ಲಿ ಕೆಲಸ ಮಾಡುತ್ತವೆ. ಕಡ್ಡಿಕೋಶದಲ್ಲಿ ಬೆಳಕು ಬಿದ್ದರೆ ಬಿಳಿಚಿಕೊಳ್ಳುವ ಒಂದು ಕೆಂಪು ವಸ್ತು ಇದೆ. ಕತ್ತಲೆಯಲ್ಲಿ ಅದು ಮೆಲ್ಲಗೆ ಮತ್ತೆ ತುಂಬಿಕೊಳ್ಳಬೇಕು. ಅದನ್ನು ಮಾಡಲು ವಿಟಮಿನ್ ಎ ಬೇಕು. ವಿಟಮಿನ್ ಎ ಕಮ್ಮಿಯಾದವರಿಗೆ ಇರುಳುಗಣ್ಣು ಬರುವುದು ಇದಕ್ಕೇ.

ಕೂತಲ್ಲೇ ಒಂದು ಪ್ರಯೋಗ. ಆಕಾಶದಲ್ಲಿ ಬಹಳ ಮಂಕಾದ ಒಂದು ನಕ್ಷತ್ರ ಆರಿಸಿ. ನೇರ ನೋಡಿದರೆ ಮಾಯವಾಗುತ್ತದೆ. ಅದರ ಪಕ್ಕಕ್ಕೆ ನೋಡಿ, ಮತ್ತೆ ಕಾಣುತ್ತದೆ. ನೇರ ನೋಡುವ ಜಾಗದಲ್ಲಿ ಕಡ್ಡಿಕೋಶಗಳೇ ಇಲ್ಲ, ಸುತ್ತ ಮಾತ್ರ ಇವೆ. ರಾತ್ರಿ ಪೊದೆಯಲ್ಲಿ ಏನೋ ಅಲ್ಲಾಡಿದಾಗ ಕಣ್ಣಂಚಿನಲ್ಲಿ ಕಂಡು, ತಿರುಗಿದರೆ ಏನೂ ಇರದೆ ಹೆದರಿದ್ದೀರಲ್ಲ? ದೆವ್ವದ ಕಥೆಗಳಲ್ಲಿ ಅರ್ಧ ಇಲ್ಲೇ ಹುಟ್ಟಿದವು ಅನ್ನೋದು ನನ್ನ ಅನುಮಾನ.

ಒಗ್ಗಿದ ಕಣ್ಣನ್ನು ಕಾಪಾಡಲು ಕೆಂಪು ಪೇಪರ್. ಟಾರ್ಚಿನ ಬಾಯಿಗೆ ಎರಡು ಪದರ ಸುತ್ತಿ ರಬ್ಬರ್ ಬ್ಯಾಂಡ್ ಹಾಕಿ. ಕಡು ಕೆಂಪು ಬೆಳಕು ಕಡ್ಡಿಕೋಶಗಳಿಗೆ ಹೆಚ್ಚುಕಮ್ಮಿ ಗೊತ್ತೇ ಆಗುವುದಿಲ್ಲ. ಪುಸ್ತಕದಲ್ಲಿ ಬರೆಯಲು, ದಾರಿ ನೋಡಲು ಅದು ಸಾಕು. ಎಷ್ಟೋ ಪ್ರಾಣಿಗಳಿಗೂ ಅದರಿಂದ ತೊಂದರೆ ಕಮ್ಮಿ.

ಹೆಜ್ಜೆ 4: ರಾತ್ರಿಯ ಸುತ್ತು

ಹೊರಡುವ ಮೊದಲು ಅಕ್ಕಪಕ್ಕದವರಿಗೆ ಹೇಳಿ. ಮಲೆನಾಡಿನಲ್ಲಿ ಹೆಡ್‌ಲೈಟ್ ಕಟ್ಟಿಕೊಂಡು ತೋಟಕ್ಕೆ ಇಳಿದರೆ ಜನ ಮೊದಲು ಕೇಳುವುದು "ಶಿಕಾರಿಯಾ?" ಅಂತ. ಅಭಯಾರಣ್ಯದ ಒಳಗೆ ಅನುಮತಿ ಇಲ್ಲದೆ ಕಾಲಿಡಬೇಡಿ. ನಮಗೆ ಬೇಕಾದದ್ದು ಹಿತ್ತಲಲ್ಲೇ ಸಿಗುತ್ತದೆ.

ಮತ್ತೆ ಗಂಬೂಟು. ಹಾವಿನ ಕಣ್ಣು ಬೆಕ್ಕಿನದರ ಹಾಗೆ ಹೊಳೆದು ಎಚ್ಚರಿಸುತ್ತದೆ ಅಂತ ನಂಬಿಕೊಂಡು ಹೋಗಬೇಡಿ. ಹೊಳೆಯುವ ಕಣ್ಣು ಹುಡುಕುವ ಭರದಲ್ಲಿ ಕಾಲ ಬುಡ ಮರೆಯುತ್ತದೆ. ನಾಲ್ಕು ಹೆಜ್ಜೆಗೊಮ್ಮೆ ಟಾರ್ಚ್ ನೆಲಕ್ಕೆ ಬಿಡಿ.

ಮೊದಲು ಕೊಟ್ಟಿಗೆ. ಬಾಗಿಲಲ್ಲಿ ನಿಂತು, ಟಾರ್ಚ್ ಕಿವಿಗೆ ತಾಗಿಸಿ, ಬೆಳಕು ತಗ್ಗಿಸಿ, ಎರಡು ಮೂರು ಸೆಕೆಂಡ್ ಮಾತ್ರ ಬಿಡಿ. ಹಸುವಿನ ಕಣ್ಣು ನೀಲಿ ಹಸಿರಾಗಿ ಉರಿಯುತ್ತದೆ. ಈಗ ಟಾರ್ಚನ್ನು ಮೆಲ್ಲಗೆ ಕಿವಿಯಿಂದ ಹೊರಗೆ, ಕೈ ಚಾಚಿ ದೂರ ಒಯ್ಯಿರಿ. ಹೊಳಪು ಕುಂದುತ್ತಾ ಕುಂದುತ್ತಾ ಆರಿಹೋಗುತ್ತದೆ. ಹಸು ಅಲ್ಲೇ ಇದೆ, ನಿಮ್ಮನ್ನೇ ನೋಡುತ್ತಾ ಮೆಲುಕು ಹಾಕುತ್ತಿದೆ. ಕೈ ವಾಪಸ್ ತನ್ನಿ, ದೀಪ ಹತ್ತಿತು.

ಕಾರಣ ಹೀಗಿದೆ. ಹಸು, ಬೆಕ್ಕು, ನಾಯಿ, ಜಿಂಕೆ, ಚಿರತೆ ಇವುಗಳ ಅಕ್ಷಿಪಟದ ಹಿಂದೆ ಕನ್ನಡಿಯಂಥ ಒಂದು ಪದರ ಇದೆ. ಟ್ಯಾಪೀಟಮ್ ಅಂತ ಹೆಸರು. ಒಳಗೆ ಬಂದ ಬೆಳಕಿನಲ್ಲಿ ಒಂದಷ್ಟನ್ನು ಕೋಶಗಳು ಹಿಡಿಯುತ್ತವೆ, ಒಂದಷ್ಟು ಜಾರಿ ಹಿಂದೆ ಹೋಗುತ್ತದೆ. ಜಾರಿದ್ದನ್ನು ಈ ಪದರ ವಾಪಸ್ ತಳ್ಳುತ್ತದೆ. ಕೋಶಗಳಿಗೆ ಎರಡನೇ ಅವಕಾಶ ಸಿಕ್ಕಿತು. ಆಗಲೂ ತಪ್ಪಿಸಿಕೊಂಡದ್ದು ಪಾಪೆಯಿಂದ ಹೊರಗೆ ಬಂದು ನಿಮ್ಮ ಕಿವಿ ಪಕ್ಕಕ್ಕೆ ಸೇರುತ್ತದೆ. ನಮಗೆ ಕಾಣುವ ಹೊಳಪು ಅಂದರೆ ಆ ಪ್ರಾಣಿಗೆ ದಕ್ಕದೆ ಉಳಿದ ಬೆಳಕು. ಇಂಥ ಏರ್ಪಾಟಿನ ಜೊತೆಗೆ ದೊಡ್ಡ ಪಾಪೆ, ಒತ್ತಾದ ಕಡ್ಡಿಕೋಶ ಎಲ್ಲ ಸೇರಿ, ನಮಗೆ ಬೇಕಾದ ಬೆಳಕಿನ ಆರನೇ ಒಂದು ಭಾಗದಲ್ಲೇ ಬೆಕ್ಕಿನ ಕೆಲಸ ಆಗುತ್ತದೆ. ಪುಕ್ಕಟೆ ಅಲ್ಲ. ವಾಪಸ್ ಬಂದ ಬೆಳಕು ಸ್ವಲ್ಪ ಚದುರುವುದರಿಂದ ಚಿತ್ರದ ನಯ ಕಮ್ಮಿ. ಬೆಕ್ಕಿಗೆ ಪತ್ರಿಕೆ ಓದಬೇಕಾಗಿಲ್ಲ, ನಡೆಯುತ್ತದೆ.

ಹಿತ್ತಲಲ್ಲಿ ಗೊತ್ತಿಲ್ಲದ ಕಣ್ಣು ಕಂಡರೆ ಬಣ್ಣ ನೋಡಿ ಹೆಸರು ಹೇಳಲು ಹೋಗಬೇಡಿ. ನಿಂತ ಕೋನ ಬದಲಾದರೆ ಬಣ್ಣ ಬದಲಾಗುತ್ತದೆ, ವಯಸ್ಸಿನ ಮೇಲೂ ಬದಲಾಗುತ್ತದೆ. ಬೆಕ್ಕಿನ ಮರಿಯದು ಮೊದಲು ನೀಲಿ, ಕೆಲವು ತಿಂಗಳಲ್ಲಿ ಹಳದಿ ಹಸಿರು. ಬಣ್ಣದ ಬದಲು ಮೂರು ವಿಷಯ ಗಮನಿಸಿ. ಕಣ್ಣು ನೆಲದಿಂದ ಎಷ್ಟು ಎತ್ತರ, ಎರಡು ಕಣ್ಣಿನ ನಡುವೆ ಎಷ್ಟು ಅಂತರ, ಚಲನೆ ಹೇಗೆ. ಮೇಲೆ ಕೆಳಗೆ ಕುಪ್ಪಳಿಸುತ್ತಿದೆಯೋ, ನೆಲಕ್ಕೆ ಸಮನಾಗಿ ಜಾರುತ್ತಿದೆಯೋ, ಮರದ ಮೇಲಿಂದ ನೋಡುತ್ತಿದೆಯೋ. ಮರದ ಮೇಲೆ ಹತ್ತಿರ ಹತ್ತಿರ ಎರಡು ಕೆಂಪು ಕಿಡಿ, ಬಹಳ ನಿಧಾನ ಚಲನೆ ಕಂಡರೆ ಅದೃಷ್ಟ. ಕಾಡುಪಾಪ ಇರಬಹುದು. ತುಮಕೂರು ಕಡೆಯ ತೋಟಗಳಲ್ಲಿ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲೂ ಅವು ಇವೆ. ಎಣಿಸುವವರು ಹುಡುಕುವುದೂ ಕಣ್ಣಿನ ಹೊಳಪಿನಿಂದಲೇ, ಅದೂ ಕೆಂಪು ಪೇಪರ್ ಕಟ್ಟಿದ ದೀಪದಲ್ಲಿ. ಕಂಡರೆ ಬಿಳಿ ಟಾರ್ಚ್ ಆರಿಸಿ.

ಹೊಳೆಯದ ಕಣ್ಣುಗಳೂ ಇವೆ. ಮಂಗ, ಅಳಿಲು, ಹಂದಿ ಇವುಗಳಿಗೆ ಆ ಕನ್ನಡಿ ಪದರ ಇಲ್ಲ. ಘಾಟಿಯಲ್ಲಿ ರಾತ್ರಿ ಗಾಡಿ ಓಡಿಸುವವರು ಇದನ್ನು ನೆನಪಿಡಬೇಕು. ಜಿಂಕೆ ದೂರದಿಂದಲೇ ಕಣ್ಣು ಮಿನುಗಿಸಿ ಸುಳಿವು ಕೊಡುತ್ತದೆ. ಕಾಡುಹಂದಿ ಬಂಪರ್ ಮುಂದೆ ಬರುವ ತನಕ ಬರೀ ಕತ್ತಲೆ. ಜಿಂಕೆ ಸುಳಿವು ಕೊಟ್ಟರೂ ಓಡುತ್ತದೆ ಅನ್ನುವ ಭರವಸೆ ಇಲ್ಲ. ಕತ್ತಲೆಗೆ ಒಗ್ಗಿದ ಆ ಕಣ್ಣಿಗೆ ಹೆಡ್‌ಲೈಟ್ ಬಿದ್ದರೆ ಸುತ್ತಲಿನದೆಲ್ಲ ಅಳಿಸಿಹೋಗುತ್ತದೆ, ನಿಂತಲ್ಲೇ ನಿಂತುಬಿಡುತ್ತದೆ. ಬಂಡೀಪುರದ ಹೆದ್ದಾರಿಯಲ್ಲಿ 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರ ತನಕ ವಾಹನ ಬಿಡದಿರುವುದಕ್ಕೆ ಅಲ್ಲಿ ಗಾಡಿಗೆ ಸಿಕ್ಕಿ ಸತ್ತ ಪ್ರಾಣಿಗಳೇ ಕಾರಣ. ಬೇರೆ ರಸ್ತೆಯಲ್ಲಿ ಒಂದು ಜೊತೆ ಕಣ್ಣು ಕಂಡರೆ ದೀಪ ಡಿಮ್ ಮಾಡಿ, ನಿಧಾನಿಸಿ, ಹಿಂದೆ ಇನ್ನೊಂದು ಜೊತೆ ಇದೆ ಅಂದುಕೊಳ್ಳಿ.

ನಮಗೂ ಟ್ಯಾಪೀಟಮ್ ಇಲ್ಲ. ಫ್ಲ್ಯಾಷ್ ಹಾಕಿದ ಫೋಟೋದಲ್ಲಿ ಕಣ್ಣು ಕೆಂಪಗೆ ಬರುವುದು ಹಿಂಗೋಡೆಯ ರಕ್ತದ ಬಣ್ಣ. ಇಲ್ಲಿ ಸ್ವಲ್ಪ ಗಂಭೀರವಾಗಿ ಹೇಳುತ್ತೇನೆ. ಮಗುವಿನ ಫೋಟೋಗಳಲ್ಲಿ ಒಂದು ಕಣ್ಣು ಕೆಂಪು, ಇನ್ನೊಂದು ಮತ್ತೆ ಮತ್ತೆ ಬಿಳಿ ಅಥವಾ ಹಳದಿಯಾಗಿ ಹೊಳೆಯುತ್ತಿದ್ದರೆ ತಡ ಮಾಡದೆ ಕಣ್ಣಿನ ಡಾಕ್ಟರಿಗೆ ತೋರಿಸಿ. ಕೆಲವೊಮ್ಮೆ ಕೋನದ ದೋಷ ಅಷ್ಟೇ ಇರುತ್ತದೆ. ಕೆಲವೊಮ್ಮೆ ಅದು ಕಣ್ಣಿನ ಕ್ಯಾನ್ಸರಿನ ಮೊದಲ ಸುಳಿವು. ಬೇಗ ಗೊತ್ತಾದರೆ ಚಿಕಿತ್ಸೆ ಇದೆ.

ಈಗ ನನಗೆ ಬಹಳ ಇಷ್ಟದ ಭಾಗ, ಹುಲ್ಲು. ಅಂಗಳದ ಅಂಚಿನಲ್ಲಿ ನಿಂತು ಟಾರ್ಚ್ ಕಿವಿ ಪಕ್ಕದಿಂದ ಹತ್ತು ಹದಿನೈದು ಅಡಿ ಮುಂದಿನ ಹುಲ್ಲಿಗೆ ಬಿಡಿ. ಯಾರೋ ಸಕ್ಕರೆ ಚೆಲ್ಲಿದ ಹಾಗೆ ಹಸಿರು ಬಿಳಿ ಕಿಡಿಗಳು. ಇಬ್ಬನಿ ಅಂದುಕೊಳ್ಳುತ್ತೀರಿ. ಒಂದು ಕಿಡಿಯ ಮೇಲೆ ಕಣ್ಣಿಟ್ಟು ಮೆಲ್ಲಗೆ ನಡೆಯಿರಿ. ಇಬ್ಬನಿಯಾದರೆ ತಲೆ ಅಲ್ಲಾಡಿದ ಹಾಗೆ ಬಣ್ಣ ಬದಲಿಸುತ್ತದೆ. ಇದು ಬದಲಿಸುವುದಿಲ್ಲ. ಹತ್ತಿರ ಹೋಗಿ ಬಗ್ಗಿದರೆ ಒಂದು ಬೂದು ಜೇಡ, ಬಲೆ ಗಿಲೆ ಏನೂ ಇಲ್ಲದೆ ನೆಲದ ಮೇಲೆ ಕೂತಿದೆ. ತೋಳ ಜೇಡ ಅಂತ ಕರೆಯುತ್ತಾರೆ, ಓಡಿ ಬೇಟೆಯಾಡುವ ಜಾತಿ. ಹಸುವಿನ ಕಣ್ಣಿಗೂ ಇದರ ಕಣ್ಣಿಗೂ ಯಾವ ನಂಟೂ ಇಲ್ಲ, ಆದರೂ ಕನ್ನಡಿಯ ಉಪಾಯ ಎರಡಕ್ಕೂ ಸಿಕ್ಕಿದೆ. ಕಳೆದ ಸಲ ಒಂದು ಕಿಡಿ ವಿಚಿತ್ರವಾಗಿತ್ತು. ಒಂದೇ ಜಾಗದಲ್ಲಿ ಮೂವತ್ತು ನಲವತ್ತು ಪುಟ್ಟ ಚುಕ್ಕಿ, ಜರಿಯ ಗುಂಡಿಯ ಹಾಗೆ. ಬಗ್ಗಿ ನೋಡಿದರೆ ತಾಯಿ ಜೇಡ, ಬೆನ್ನ ಮೇಲೆ ರಾಶಿ ಮರಿಗಳು. ಪ್ರತಿ ಮರಿಯ ಕಣ್ಣೂ ಹೊಳೆಯುತ್ತಿತ್ತು.

ವಾಪಸ್ ಬರುವಾಗ ಜಗಲಿ ದೀಪಕ್ಕೆ ಬಂದ ದೊಡ್ಡ ಪತಂಗದ ಕಣ್ಣೂ ನೋಡಿ. ಕೆಂಡದ ಹಾಗೆ ಕಿತ್ತಳೆ.

ಹೆಜ್ಜೆ 5: ಹಗಲಿನ ಹುಳಗಳು

ಏರೋಪ್ಲೇನ್ ಚಿಟ್ಟೆ ಬೆಳಿಗ್ಗೆ ತಂಪಿನಲ್ಲಿ ಬೇಗ ಹಾರುವುದಿಲ್ಲ, ಆಗ ಹತ್ತಿರ ಹೋಗಿ. ಅದರ ಒಂದೊಂದು ಕಣ್ಣಿನಲ್ಲೂ ಸಾವಿರಾರು ಪುಟ್ಟ ಮನೆಗಳು, ದೊಡ್ಡ ಜಾತಿಗಳಲ್ಲಿ 30,000ದ ಹತ್ತಿರ. ಒಂದೊಂದು ಮನೆಯೂ ಬೇರೆ ಬೇರೆ ದಿಕ್ಕಿಗೆ ಮುಖ ಮಾಡಿದೆ. ಪ್ರತಿಯೊಂದರಲ್ಲೂ ಪೂರ್ತಿ ಚಿತ್ರ ಮೂಡಿ ಮೂವತ್ತು ಸಾವಿರ ಹೂವು ಕಾಣುತ್ತದೆ ಅನ್ನೋದು ಸಿನಿಮಾದವರ ಕಲ್ಪನೆ. ಒಂದು ಮನೆಗೆ ಒಂದು ಚುಕ್ಕಿ, ಚುಕ್ಕಿಗಳೆಲ್ಲ ಸೇರಿ ಒಂದು ಚಿತ್ರ. ರಂಗೋಲಿ ಚುಕ್ಕಿ ನೆನೆಸಿಕೊಳ್ಳಿ.

ಕೈ ಮುಗಿದ ಹಾಗೆ ನಿಲ್ಲುವ ಮ್ಯಾಂಟಿಸ್ ಸಿಕ್ಕರೆ ಇದನ್ನು ಕಣ್ಣಾರೆ ನೋಡಬಹುದು. ಅದರ ಹಸಿರು ಕಣ್ಣಿನಲ್ಲಿ ಒಂದು ಕಪ್ಪು ಚುಕ್ಕಿ. ನೀವು ಎಡಕ್ಕೆ ಹೋದರೆ ಚುಕ್ಕಿಯೂ ನಿಮ್ಮ ಕಡೆ, ಬಲಕ್ಕೆ ಹೋದರೆ ಬಲಕ್ಕೆ. ಅದು ಪಾಪೆ ಅಲ್ಲ, ಕಣ್ಣು ತಿರುಗುತ್ತಲೂ ಇಲ್ಲ. ನಿಮ್ಮತ್ತ ನೇರ ಮುಖ ಮಾಡಿದ ಮನೆಗಳು ಬೆಳಕನ್ನೆಲ್ಲ ನುಂಗುವುದರಿಂದ ಆ ಜಾಗ ನಿಮಗೆ ಕಪ್ಪು. ಅದೇ ಹುಳ ರಾತ್ರಿ ಸಿಕ್ಕರೆ ಮತ್ತೊಮ್ಮೆ ನೋಡಿ, ಇಡೀ ಕಣ್ಣು ಕಂದು ಕಪ್ಪಾಗಿರುತ್ತದೆ. ಬೆಳಕು ಜಾಸ್ತಿ ಹಿಡಿಯಲು ಒಳಗಿನ ಬಣ್ಣದ ಕಣಗಳು ಜಾಗ ಬದಲಿಸಿವೆ.

ನೊಣ ಹೊಡೆಯಲು ಆಗದಿರುವುದು ನಿಮ್ಮ ಕೈಯ ತಪ್ಪಲ್ಲ. ಸೆಕೆಂಡಿಗೆ 60ರ ಆಸುಪಾಸು ಮಿಣುಕಿದರೆ ನಮಗೆ ಎಡೆಬಿಡದ ಬೆಳಕು, ನೊಣ 200ಕ್ಕೂ ಹೆಚ್ಚನ್ನು ಬಿಡಿಬಿಡಿಯಾಗಿ ಹಿಡಿಯುತ್ತದೆ. ಹಳೇ ಚೋಕಿನ ಟ್ಯೂಬ್‌ಲೈಟ್ ಅದಕ್ಕೆ ಪಟಪಟ ಹತ್ತಿ ಆರುವ ದೀಪ. ಚಪ್ಪಲಿ ಬರುವುದು ನಿಧಾನವಾಗಿ ಕಾಣುತ್ತದೆ.

ಜೇನುಹುಳಕ್ಕೆ ಕೆಂಪು ಕಾಣುವುದಿಲ್ಲ, ನಮಗೆ ಕಾಣದ ಅತಿನೇರಳೆ ಕಾಣುತ್ತದೆ. ರಾತ್ರಿಯ ವಿಚಾರದಲ್ಲಿ ಅದಕ್ಕಿಂತ ಗಟ್ಟಿಗ ನಮ್ಮ ಸಹ್ಯಾದ್ರಿಯಲ್ಲಿದೆ. ಮರ ಕೊರೆಯುವ ದುಂಬಿಗಳಲ್ಲಿ ಒಂದು ಜಾತಿ ಚಂದ್ರನಿಲ್ಲದ ರಾತ್ರಿಯೂ ಹಾರುತ್ತದೆ. ಹೇಮಾ ಸೋಮನಾಥನ್, ಬೆಂಗಳೂರಿನ ವಿಜ್ಞಾನ ಸಂಸ್ಥೆಯ ರೆನೀ ಬೋರ್ಜೆಸ್ ಮತ್ತು ಜೊತೆಗಾರರು ಮಹಾರಾಷ್ಟ್ರದ ಭೀಮಾಶಂಕರದಲ್ಲಿ ಇದನ್ನು ಪರೀಕ್ಷಿಸಿ 2008ರಲ್ಲಿ ಬರೆದರು. ಗೂಡಿನ ಬಾಯಿಗೆ ಇಟ್ಟ ಬಣ್ಣವನ್ನು ನಕ್ಷತ್ರದ ಬೆಳಕಿನಲ್ಲೇ ಗುರುತು ಹಿಡಿದಿತ್ತು ಆ ದುಂಬಿ. ಆ ಹೊತ್ತಿನಲ್ಲಿ ನಮಗೆ ಎಲ್ಲವೂ ಬೂದು.

ಕನ್ನಡಿ ತಂದಿದ್ದೀರಲ್ಲ? ಕಿಟಕಿ ಸರಳಿನ ಮೇಲೆ ಓಡಾಡುವ ಪುಟ್ಟ ಜಿಗಿಯುವ ಜೇಡದ ಮುಂದೆ ಇಡಿ. ಎಂಟು ಕಣ್ಣಿನಲ್ಲಿ ಮುಂದಿನ ಎರಡು ದೊಡ್ಡವು, ಗಾಡಿಯ ಹೆಡ್‌ಲೈಟ್ ಥರ. ಗಂಡಾದರೆ ಕನ್ನಡಿಯ ಜೇಡಕ್ಕೆ ಮುಂಗಾಲು ಎತ್ತಿ ಸವಾಲು ಹಾಕುವುದುಂಟು. ಹೊರಗಿನ ಲೆನ್ಸ್ ಅಲ್ಲಾಡುವುದಿಲ್ಲ, ಒಳಗಿನ ಅಕ್ಷಿಪಟದ ಕೊಳವೆ ಮಾತ್ರ ಆಚೆ ಈಚೆ ಹೊರಳುತ್ತದೆ. ಎದುರಿಂದ ಫೋಟೋ ತೆಗೆದರೆ ಕಣ್ಣಿನ ಬಣ್ಣ ಕಪ್ಪಿನಿಂದ ಕಂದಿಗೆ, ಕಂದಿನಿಂದ ಕಪ್ಪಿಗೆ ಬದಲಾಗುವುದು ಅದಕ್ಕೇ. ಕಪ್ಪಾಗಿದ್ದಾಗ ನಿಮ್ಮನ್ನೇ ನೋಡುತ್ತಿದೆ.

ಹೆಜ್ಜೆ 6: ಮೀನಿನ ಸಾರಿನ ಬಿಳಿ ಗೋಲಿ

ಬಂಗುಡೆ ಸಾರು ಮಾಡಿದ ದಿನ ತಲೆಯ ತುಂಡು ಕೇಳಿ ಹಾಕಿಸಿಕೊಳ್ಳಿ. ಕಣ್ಣಿನೊಳಗೆ ಸಾಬೂದಾನಿಯಂಥ ಗಟ್ಟಿ ಬಿಳಿ ಗೋಲಿ ಸಿಗುತ್ತದೆ. ಚಿಕ್ಕಂದಿನಲ್ಲಿ ಅದನ್ನು ಕಲ್ಲು ಅಂದುಕೊಂಡು ತಟ್ಟೆಯ ಅಂಚಿಗೆ ಸರಿಸುತ್ತಿದ್ದೆ. ಅದು ಲೆನ್ಸ್. ಹಸಿ ಮೀನಿನಲ್ಲಿ ಗಾಜಿನ ಹಾಗೆ ತಿಳಿಯಾಗಿರುತ್ತದೆ. ಪ್ರೋಟೀನಿನದ್ದಾದ್ದರಿಂದ ಬೆಂದಾಗ ಮೊಟ್ಟೆಯ ಲೋಳೆಯ ಹಾಗೆ ಬೆಳ್ಳಗಾಗುತ್ತದೆ. ಎರಡನ್ನೂ ಪಕ್ಕ ಪಕ್ಕ ಇಟ್ಟು ನೋಡಿ. ಹಸಿ ಗೋಲಿಯನ್ನು ತೊಳೆದು ಪತ್ರಿಕೆಯ ಅಕ್ಷರದ ಮೇಲಿಟ್ಟರೆ ಅಕ್ಷರ ದೊಡ್ಡದಾಗಿ ಕಾಣುತ್ತದೆ.

ನಮ್ಮ ಲೆನ್ಸ್ ಚಪ್ಪಟೆ, ಮೀನಿನದು ಪೂರ್ತಿ ಗುಂಡು. ಯಾಕೆ ಅಂತ ತಿಳಿಯಲು ಕೆರೆಯಲ್ಲೋ ಹೊಳೆಯಲ್ಲೋ ಮುಳುಗಿ ಕಣ್ಣು ಬಿಡಿ. ಎಲ್ಲ ಮಸುಕು. ನಮ್ಮ ಕಣ್ಣಿನಲ್ಲಿ ಬೆಳಕನ್ನು ಬಗ್ಗಿಸುವ ಕೆಲಸದ ಮೂರನೇ ಎರಡು ಭಾಗ ಮಾಡುವುದು ಹೊರಗಿನ ತಿಳಿ ಪೊರೆ, ಕಾರ್ನಿಯಾ. ಅದು ಗಾಳಿಯಿಂದ ಬಂದ ಬೆಳಕನ್ನು ಬಗ್ಗಿಸುತ್ತದೆ. ನೀರಿನಿಂದ ಬಂದದ್ದನ್ನು ಹೆಚ್ಚುಕಮ್ಮಿ ನೇರ ಒಳಗೆ ಬಿಡುತ್ತದೆ. ಮೀನಿಗೆ ಆ ಸಹಾಯ ಇಲ್ಲವಾದ್ದರಿಂದ ಕೆಲಸವೆಲ್ಲ ಈ ಗೋಲಿಯದ್ದೇ.

ಪುಸ್ತಕದ ಬಗ್ಗೆ ಹೇಳುವುದು ಉಳಿಯಿತು. ದಿನಾಂಕ, ಹೊತ್ತು, ಎತ್ತರ, ಅಂತರ, ಬಣ್ಣ ಬರೆಯಿರಿ. ಪಕ್ಕದಲ್ಲಿ ಒಂದು ಖಾಲಿ ಜಾಗ ಬಿಡಿ, ಕೊನೆಗೆ ಅದು ಏನಾಗಿತ್ತು ಅಂತ ತುಂಬಲು. ನನ್ನ ಮೊದಲ ಪುಟದಲ್ಲಿ ಹೀಗಿದೆ: "ಬಾವಿಕಟ್ಟೆ ಹಿಂದೆ, ಮೊಣಕಾಲೆತ್ತರ, ಹಳದಿ ಹಸಿರು, ಅಲ್ಲಾಡುತ್ತಿಲ್ಲ, ಚಿರತೆಯೇ?" ಖಾಲಿ ಜಾಗದಲ್ಲಿ ದೊಡ್ಡಪ್ಪನ ಅಕ್ಷರ: "ಪಕ್ಕದ ಮನೆ ನಾಯಿ."